ಐದು ಪೂರೈಕೆದಾರರು, ಒಂದೇ ಜೋಡಣೆ ದಿನ: ಲೀಡ್ ಟೈಮ್ ಹೊಂದಿಸಿದ ಒಂದು ಪ್ರಕರಣ

ಕೈಗಾರಿಕಾ ಸೆಂಟ್ರಿಫ್ಯೂಗಲ್ ಪಂಪ್‌ಗಳನ್ನು ಜೋಡಿಸುವ ಮಧ್ಯಮ ಗಾತ್ರದ ಒಂದು ಕಂಪನಿ ಮತ್ತು ಅದಕ್ಕೆ ಬಿಡಿಭಾಗ ಕೊಡುವ ಐದು ಸಂಸ್ಥೆಗಳ ಪ್ರಕರಣ ಇದು. ಲೀಡ್ ಟೈಮ್ ಎಂದರೆ ಆರ್ಡರ್ ಕೊಟ್ಟ ದಿನದಿಂದ ಮಾಲು ಕೈಸೇರುವವರೆಗಿನ ಅವಧಿ. ಗುರುತು ಸಿಗಬಾರದೆಂದು ಹೆಸರು, ಸ್ಥಳಗಳನ್ನು ಬಿಟ್ಟಿದೆ. ಅಂಕಿಗಳನ್ನು ಪೂರ್ಣಾಂಕಕ್ಕೆ ತಂದು ತುಸು ಬದಲಿಸಿದೆ, ಅವುಗಳ ನಡುವಿನ ಸಂಬಂಧ ಮಾತ್ರ ಹಾಗೆಯೇ ಇದೆ. ಸಂಸ್ಥೆಗಳನ್ನು ಅವು ಮಾಡುವ ಕೆಲಸದಿಂದಲೇ ಕರೆಯಲಾಗಿದೆ: ಜೋಡಣೆ ಕಂಪನಿ, ಫೌಂಡ್ರಿ, ಮಷಿನ್ ಶಾಪ್, ಮೋಟಾರು ಸಂಸ್ಥೆ, ಸೀಲ್ ಸಂಸ್ಥೆ, ಬೇಸ್ ಫ್ರೇಮ್ ಮಾಡುವ ಫ್ಯಾಬ್ರಿಕೇಷನ್ ಶಾಪ್.

ಹಿನ್ನೆಲೆ

ಪಂಪ್‌ಗಳು ಆರ್ಡರ್ ಬಂದ ಮೇಲೆ ತಯಾರಾಗುವಂಥವು. ಕೇಸಿಂಗ್ (ಪಂಪಿನ ಹೊರಕವಚ), ಇಂಪೆಲ್ಲರ್ (ಒಳಗೆ ತಿರುಗಿ ದ್ರವವನ್ನು ತಳ್ಳುವ ಚಕ್ರ) ಇವುಗಳ ಎರಕ ಫೌಂಡ್ರಿಯಲ್ಲಿ ಆಗುತ್ತದೆ. ಅಲ್ಲಿಂದ ಅವು ಮಷಿನ್ ಶಾಪ್‌ಗೆ ಹೋಗಿ ಬೋರಿಂಗ್, ಫೇಸಿಂಗ್ ಮುಗಿಸಿಕೊಂಡು ಜೋಡಣೆಗೆ ಬರುತ್ತವೆ. ಮೋಟಾರು, ಮೆಕ್ಯಾನಿಕಲ್ ಸೀಲ್ (ಸೋರಿಕೆ ತಡೆಯುವ ಭಾಗ), ಬೇಸ್ ಫ್ರೇಮ್ ನೇರವಾಗಿ ಜೋಡಣೆ ಕಂಪನಿಯ ಸ್ಟೋರ್ಸ್‌ಗೆ ಬರುತ್ತವೆ. ಅಂದರೆ ಒಂದು ದಾರಿಯಲ್ಲಿ ಎರಡು ಸಂಸ್ಥೆಗಳು ಒಂದರ ಹಿಂದೆ ಒಂದು ಕೆಲಸ ಮಾಡುತ್ತವೆ, ಉಳಿದ ಮೂರು ಅದಕ್ಕೆ ಸಮಾನಾಂತರವಾಗಿ ಸಾಗುತ್ತವೆ. ಎಲ್ಲವೂ ಒಂದೆಡೆ ಸೇರಿದ ಮೇಲೆಯೇ ಜೋಡಣೆ, ಹೈಡ್ರೋ ಟೆಸ್ಟ್ (ನೀರಿನ ಒತ್ತಡದ ಪರೀಕ್ಷೆ), ಪೇಂಟಿಂಗ್, ಪ್ಯಾಕಿಂಗ್.

ಒಪ್ಪಂದದ ಪ್ರಕಾರ ಅವಧಿಗಳು ಹೀಗಿದ್ದವು: ಆರ್ಡರ್ ದಾಖಲಿಸಿ ಡ್ರಾಯಿಂಗ್ ಬಿಡುಗಡೆ ಮಾಡಲು 5 ದಿನ, ಫೌಂಡ್ರಿಗೆ 24, ಮಷಿನ್ ಶಾಪ್‌ಗೆ 9, ಕೊನೆಯ ಜೋಡಣೆಗೆ 6. ಒಟ್ಟು 44 ದಿನ. ಮೋಟಾರಿಗೆ 28, ಸೀಲ್‌ಗೆ 18, ಬೇಸ್ ಫ್ರೇಮ್‌ಗೆ 12 ದಿನ; ಇವು ಎರಕದ ದಾರಿಗಿಂತ ಚಿಕ್ಕವಾದ್ದರಿಂದ ಒಟ್ಟು ಲೆಕ್ಕಕ್ಕೆ ಬರುತ್ತಿರಲಿಲ್ಲ. ಗ್ರಾಹಕರಿಗೆ 45 ದಿನದ ಮಾತು ಕೊಡಲಾಗುತ್ತಿತ್ತು. ಕಾಗದದ ಮೇಲೆ ಒಂದು ದಿನ ಉಳಿತಾಯವೇ ಇತ್ತು.

ವಾಸ್ತವದಲ್ಲಿ ಪಂಪ್ ಹೊರಡುತ್ತಿದ್ದದ್ದು ಸರಾಸರಿ 58ನೇ ದಿನ. ಬೇಗ ಹೊರಟದ್ದು 47ಕ್ಕೆ, ತಡವಾದದ್ದು 75ಕ್ಕೆ.

ಯಾರೂ ತಡಮಾಡದೆ ಹದಿನಾಲ್ಕು ದಿನ ತಡ

ಪೂರೈಕೆದಾರರ ಮಾಸಿಕ ವರದಿ ತೆಗೆದರೆ ಐವರಲ್ಲಿ ಪ್ರತಿಯೊಬ್ಬರೂ ಸುಮಾರು 92% ಸಲ ಸಮಯಕ್ಕೆ ಕೊಟ್ಟಿದ್ದಾರೆ ಎಂದು ಕಾಣುತ್ತಿತ್ತು. ಜೋಡಣೆ ಕಂಪನಿಯ ಸ್ಟೋರ್ಸ್ ಲೆಕ್ಕವೇ ಬೇರೆ: ಜೋಡಣೆ ಶುರುವಾಗಬೇಕಿದ್ದ ದಿನ ಎಲ್ಲ ಭಾಗಗಳೂ ಕೈಯಲ್ಲಿದ್ದ ಆರ್ಡರ್‌ಗಳು 41% ಮಾತ್ರ. ಈ ಎರಡು ಅಂಕಿಗಳ ನಡುವಿನ ಕಂದಕದ ಒಂದು ಪಾಲು ಬರೀ ಗುಣಾಕಾರದ್ದು. ಐದು ಸಂಸ್ಥೆಗಳು ಒಂದಕ್ಕೊಂದು ಸಂಬಂಧವಿಲ್ಲದೆ ತಲಾ 92% ಸಲ ಸರಿಯಾಗಿದ್ದರೆ, ಐದೂ ಒಟ್ಟಿಗೆ ಸರಿಯಾಗಿರುವ ಸಾಧ್ಯತೆ 0.92ರ ಐದನೇ ಘಾತ, ಅಂದರೆ 66%. ಬಿಡಿ ಬಿಡಿಯಾಗಿ ಚೆನ್ನಾಗಿ ಕಾಣುವ ಅಂಕಗಳನ್ನು ನೋಡಿ ಸಮಾಧಾನಪಡುವವರು ಈ ಗುಣಾಕಾರ ಮಾಡಿರುವುದಿಲ್ಲ.

66ರಿಂದ 41ಕ್ಕೆ ಇಳಿದದ್ದು ಏಕೆ ಎಂಬುದಕ್ಕೆ ಉತ್ತರ ಗಡಿಯಾರದಲ್ಲಿತ್ತು. ಐದು ಸಂಸ್ಥೆಗಳೂ 'ದಿನ' ಎನ್ನುತ್ತಿದ್ದವು, ಎಣಿಸುತ್ತಿದ್ದ ರೀತಿ ಮಾತ್ರ ಒಂದೊಂದಕ್ಕೆ ಒಂದೊಂದು. ಫೌಂಡ್ರಿಯ 24 ಕೆಲಸದ ದಿನಗಳು. ವಾರಕ್ಕೆ ಒಂದು ರಜೆ ಸೇರಿಸಿದರೆ 28. ಮಷಿನ್ ಶಾಪ್‌ನ 9 ಕೂಡ ಹಾಗೆಯೇ, ಹೆಚ್ಚುಕಡಿಮೆ 11. ಎರಕ ಸಾಗಿಸಲು ಹಿಡಿಯುವ 1 ದಿನ ಮತ್ತು ಮಷಿನ್ ಶಾಪ್ ಬಾಗಿಲಲ್ಲಿ ತಪಾಸಣೆಗೆ ಕಾಯುವ 3 ದಿನ ಯಾರ ಖಾತೆಗೂ ಸೇರಿರಲಿಲ್ಲ, ಏಕೆಂದರೆ ಮಷಿನ್ ಶಾಪ್‌ನ ಗಡಿಯಾರ ಶುರುವಾಗುವುದೇ ತಪಾಸಣೆ ಮುಗಿದ ಮೇಲೆ. ಇನ್ನೂ ಸೂಕ್ಷ್ಮವಾದದ್ದು ಫೌಂಡ್ರಿಯ ಆರಂಭದ ಬಿಂದು. ಪ್ಯಾಟರ್ನ್ (ಅಚ್ಚಿಗೆ ಆಕಾರ ಕೊಡುವ ಮಾದರಿ) ಮತ್ತು ಕೋರ್ ಬಾಕ್ಸ್ (ಎರಕದ ಒಳಟೊಳ್ಳಿಗೆ ಆಕಾರ ಕೊಡುವ ಪೆಟ್ಟಿಗೆ) ಸರಿಯಿದೆ ಎಂದು ನೋಡಿದ ಮೇಲೆ, ಪ್ರತಿ ಭಾಗಕ್ಕೂ ಬೇರೆಬೇರೆಯಾಗಿ ಅದು ದಿನ ಎಣಿಸುತ್ತಿತ್ತು. ಇಂಪೆಲ್ಲರ್ ಕೋರ್ ಬಾಕ್ಸ್ ಪದೇ ಪದೇ ರಿಪೇರಿಗೆ ಬರುವ ವಸ್ತು. ಹಾಗಾಗಿ ಒಂದೇ ಪಂಪಿನ ಕೇಸಿಂಗ್ ಒಂದು ಹೀಟ್‌ನಲ್ಲಿ (ಫರ್ನೇಸ್‌ನಲ್ಲಿ ಒಮ್ಮೆಗೆ ಕರಗಿಸಿ ಸುರಿಯುವ ಲೋಹದ ಕಂತು), ಇಂಪೆಲ್ಲರ್ ಮುಂದಿನದರಲ್ಲಿ ಎರಕವಾಗಿ, ಜೋಡಿ ಸೇರಲು ಸರಾಸರಿ 4 ದಿನ ಹೋಗುತ್ತಿತ್ತು.

ಕೂಡಿ ನೋಡಿ: 4, 2, ಮತ್ತೆ 4, ಕೊನೆಗೆ 4. ಒಟ್ಟು 14. ಒಪ್ಪಂದದ 44ಕ್ಕೆ ಇದನ್ನು ಸೇರಿಸಿದರೆ 58. ಎಲ್ಲರೂ ತಮ್ಮ ಮಾತು ಉಳಿಸಿಕೊಂಡಾಗಲೂ ಪಂಪ್ ಹೊರಡುತ್ತಿದ್ದದ್ದು ಅಂದೇ.

ಆದರೆ ಈ ಲೆಕ್ಕ ಹೊರಬಿದ್ದದ್ದು ಬಹಳ ತಡವಾಗಿ. ಅದಕ್ಕೆ ಮೊದಲು ಮೂರು ಪ್ರಯತ್ನಗಳು ನಡೆದು ಹೋಗಿದ್ದವು.

ಮೊದಲ ಮೂರು ಪ್ರಯತ್ನ

ಮೊದಲನೆಯದು, ಎಲ್ಲರೂ ತಮ್ಮ ಅವಧಿಯನ್ನು 20% ಇಳಿಸಬೇಕೆಂಬ ಸುತ್ತೋಲೆ. ಕೇಳಲು ನ್ಯಾಯವಾಗಿದೆ, ಎಲ್ಲರಿಗೂ ಒಂದೇ ಅಳತೆ. ಮೋಟಾರು ಸಂಸ್ಥೆ ಓವರ್‌ಟೈಮ್ ಹಾಕಿ 28ನ್ನು 23ಕ್ಕೆ ಇಳಿಸಿತು, ಬೆಲೆ 2% ಏರಿಸಿತು. ಸೀಲ್ ಸಂಸ್ಥೆ ಬಿಡಿಭಾಗಗಳ ದಾಸ್ತಾನು ಹೆಚ್ಚಿಸಿ 14ಕ್ಕೆ ಬಂತು. ಫ್ರೇಮ್ ಶಾಪ್ 10ಕ್ಕೆ ಬಂತು. ಫೌಂಡ್ರಿ 'ಆಗಲಿ' ಎಂದಿತು, ಆಗಲಿಲ್ಲ.

ಒಟ್ಟು ಅವಧಿ 58ರಲ್ಲೇ ನಿಂತಿತು. ಜೋಡಣೆ ಶುರುವಾಗುತ್ತಿದ್ದದ್ದು 52ನೇ ದಿನ, ಅದನ್ನು ನಿರ್ಧರಿಸುತ್ತಿದ್ದದ್ದು ಎರಕದ ದಾರಿ ಒಂದೇ. ಡ್ರಾಯಿಂಗ್‌ನ 5 ದಿನದ ಮೇಲೆ ಡೇಟಾ ಶೀಟ್ ಒಪ್ಪಿಗೆಯ ಇನ್ನೂ 5 ದಿನ ಸೇರಿ 38ನೇ ದಿನಕ್ಕೆ ಬಂದು 14 ದಿನ ಕಾಯುತ್ತಿದ್ದ ಮೋಟಾರು ಈಗ 33ಕ್ಕೆ ಬಂದು 19 ದಿನ ಕಾಯತೊಡಗಿತು. ಬೇಸ್ ಫ್ರೇಮ್ ಮೊದಲೇ 35 ದಿನ ಬಿಸಿಲಿನಲ್ಲಿ ಬಿದ್ದಿರುತ್ತಿತ್ತು, ಈಗ 37. ಪೂರೈಕೆದಾರರು ಕಷ್ಟಪಟ್ಟು ಉಳಿಸಿದ ದಿನಗಳೆಲ್ಲ ಜೋಡಣೆ ಕಂಪನಿಯ ಅಂಗಳದಲ್ಲಿ ದಾಸ್ತಾನಾಗಿ ಕುಳಿತವು. ಅವರು ಅದನ್ನು ಗಮನಿಸಿದರು ಕೂಡ. ಮಾಲು ಇಳಿಸಲು ಬಂದ ಫ್ರೇಮ್ ಶಾಪ್‌ನ ಚಾಲಕನಿಗೆ ಮೂರು ವಾರ ಹಿಂದೆ ತಾನೇ ತಂದು ಹಾಕಿದ ಫ್ರೇಮ್‌ಗಳು ತುಕ್ಕು ಹಿಡಿದು ನಿಂತಿರುವುದು ಕಂಡಾಗ, ಮುಂದಿನ 'ಅರ್ಜೆಂಟ್' ಫೋನಿಗೆ ಎಷ್ಟು ಬೆಲೆ ಉಳಿದೀತು?

ಎರಡನೆಯದು ದಂಡ: ತಡವಾದ ಪ್ರತಿ ವಾರಕ್ಕೆ 0.5%. ಮುಂದಿನ ಕೊಟೇಷನ್‌ಗಳಲ್ಲಿ ಫೌಂಡ್ರಿಯ 24 ದಿನ 32 ಆಯಿತು, ಮಷಿನ್ ಶಾಪ್‌ನ 9 ದಿನ 13 ಆಯಿತು. ಅವಧಿ ಉದ್ದವಾದ ಕೂಡಲೇ ಜೋಡಣೆ ಕಂಪನಿಯ ಖರೀದಿ ವಿಭಾಗ ಯಾರಾದರೂ ಮಾಡುವುದನ್ನೇ ಮಾಡಿತು, ಆರ್ಡರ್‌ಗಳನ್ನು ಮುಂಚೆಯೇ ಕಳಿಸಿತು. ಗ್ರಾಹಕರ ಡ್ರಾಯಿಂಗ್ ಒಪ್ಪಿಗೆ ಬಾರದವು, ಮೂರು ತಿಂಗಳ ನಂತರ ಬೇಕಾದವು, ಎಲ್ಲವೂ ಫೌಂಡ್ರಿ ಸೇರಿದವು. ಫೌಂಡ್ರಿಯಲ್ಲಿ ಬಾಕಿ ಇದ್ದ 330 ಪೀಸ್‌ಗಳು 420 ಆದವು. ಅದು ದಿನಕ್ಕೆ ಕೊಡಬಲ್ಲದ್ದು 15 ಪೀಸ್. 330ನ್ನು 15ರಿಂದ ಭಾಗಿಸಿದರೆ 22 ಕೆಲಸದ ದಿನ, 420ನ್ನು ಭಾಗಿಸಿದರೆ 28. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಸಂಬಂಧ ಇದು: ಒಳಗಿರುವ ಕೆಲಸ, ಹೊರಬರುವ ವೇಗ ಮತ್ತು ಕಾಯುವ ಕಾಲ, ಇವುಗಳಲ್ಲಿ ಎರಡು ಗೊತ್ತಾದರೆ ಮೂರನೆಯದು ತಾನಾಗಿ ನಿಶ್ಚಯವಾಗುತ್ತದೆ. ಹೆದರಿ ಉದ್ದ ಮಾಡಿದ ಅವಧಿ ಹೀಗೆ ನಿಜವಾಗಿಯೇ ಉದ್ದವಾಯಿತು.

ಮೂರನೆಯದು ಕೆಂಪು ಚೀಟಿ. ತಡವಾದ ಆರ್ಡರ್‌ಗೆ ಕೆಂಪು ಚೀಟಿ ಅಂಟಿಸಿ ಸರದಿ ಮುರಿದು ಮುಂದೆ ತಳ್ಳುವುದು. ಎರಡು ತಿಂಗಳಲ್ಲಿ ಮೂರರಲ್ಲೊಂದು ಆರ್ಡರ್ ಕೆಂಪಾಯಿತು. ಇದರ ಬಗ್ಗೆ ಹೆಚ್ಚು ಬರೆಯುವುದೇನಿಲ್ಲ. ಪ್ರತಿ ಕೆಂಪು ಚೀಟಿ ಹಿಂದೆ ನಿಂತಿದ್ದ ಇನ್ನೆರಡು ಆರ್ಡರ್‌ಗಳನ್ನು ಕೆಂಪು ಮಾಡುತ್ತದೆ, ಅಷ್ಟೇ.

ಒಂದೇ ಹಾಳೆಯ ಮೇಲೆ ಹದಿಮೂರು ತಾರೀಕು

ದಿಕ್ಕು ಬದಲಾದದ್ದು ಸರಳ ಕೆಲಸದಿಂದ. ಮುಗಿದ 14 ಆರ್ಡರ್‌ಗಳನ್ನು ಆಯ್ದು, ಪ್ರತಿಯೊಂದಕ್ಕೂ 13 ಘಟನೆಗಳ ತಾರೀಕನ್ನು ಒಂದೇ ಹಾಳೆಯಲ್ಲಿ ಬರೆಯಲಾಯಿತು: ಆರ್ಡರ್ ಬಂದದ್ದು, ಪರ್ಚೇಸ್ ಆರ್ಡರ್ ಹೋದದ್ದು, ಸ್ಪಷ್ಟೀಕರಣ ಮುಗಿದದ್ದು, ಮುಂಗಡ ಸಂದಾಯವಾದದ್ದು, ಮೋಲ್ಡಿಂಗ್, ಎರಕ, ಹೀಟ್ ಟ್ರೀಟ್‌ಮೆಂಟ್, ಫೆಟ್ಲಿಂಗ್ (ಎರಕದ ಹೆಚ್ಚುವರಿ ಅಂಚು ತೆಗೆದು ಶುಚಿಮಾಡುವುದು), ಡಿಸ್ಪ್ಯಾಚ್, ಮಷಿನ್ ಶಾಪ್ ತಪಾಸಣೆ, ಮಷಿನಿಂಗ್ ಆರಂಭ, ಅಂತ್ಯ, ಕೊನೆಗೆ ಸೆಟ್ ಪೂರ್ಣವಾದದ್ದು. ತಾರೀಕುಗಳನ್ನು ಕಂಪ್ಯೂಟರ್ ದಾಖಲೆಯಿಂದ ತೆಗೆದುಕೊಳ್ಳಲಿಲ್ಲ. ಹೀಟ್ ರಿಜಿಸ್ಟರ್, ಗೇಟ್ ಪಾಸ್, ಬ್ಯಾಂಕ್ ವಿವರಗಳಿಂದ ತೆಗೆದದ್ದು. ಕಂಪ್ಯೂಟರಿನಲ್ಲಿ ಇದ್ದದ್ದು ಬಹಳಷ್ಟು ಪರಿಷ್ಕರಿಸಿದ ತಾರೀಕುಗಳು, ಮೇಲೆ ಹೇಳಿದ 92% ಬಂದದ್ದು ಭಾಗಶಃ ಅದರಿಂದಲೇ.

ಫೌಂಡ್ರಿಯ 28 ದಿನಗಳಲ್ಲಿ ಕೈ ಕೆಲಸ ನಡೆಯುತ್ತಿದ್ದದ್ದು 5 ದಿನ. ಉಳಿದ 23 ಕಾಯುವಿಕೆ. ಅದರಲ್ಲಿ ದೊಡ್ಡ ಪಾಲು ಸ್ಟೇನ್‌ಲೆಸ್ ಎರಕಗಳದ್ದು. ಕಾಸ್ಟ್ ಐರನ್ ದಿನವೂ ಸುರಿಯುತ್ತಿದ್ದರು. ಸಿಎಫ್8ಎಂ ದರ್ಜೆಯ ಸ್ಟೇನ್‌ಲೆಸ್‌ಗೆ ಮಾತ್ರ 500 ಕಿಲೋ ಇಂಡಕ್ಷನ್ ಫರ್ನೇಸ್ ತುಂಬುವಷ್ಟು ಕೆಲಸ ಸೇರಬೇಕಿತ್ತು, ಅದಕ್ಕೆ ಸುಮಾರು 10 ದಿನ ಹಿಡಿಯುತ್ತಿತ್ತು. ನಿನ್ನೆಯ ಹೀಟ್ ತಪ್ಪಿಸಿಕೊಂಡ ಭಾಗ ಮುಂದಿನದಕ್ಕೆ ಪೂರ್ತಿ 10 ದಿನ ಕಾಯಬೇಕು. ಎರಕವಾದ ಮೇಲೆ ಸಿಎಫ್8ಎಂಗೆ ಕನಿಷ್ಠ 1040 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಲ್ಯೂಷನ್ ಅನೀಲಿಂಗ್ ಎಂಬ ಹೀಟ್ ಟ್ರೀಟ್‌ಮೆಂಟ್ ಮಾಡಿ ಬೇಗನೆ ತಣಿಸಬೇಕು, ಇಲ್ಲದಿದ್ದರೆ ತುಕ್ಕು ತಡೆಯುವ ಗುಣ ಬರುವುದಿಲ್ಲ. ಆ ಕುಲುಮೆಯೂ ತುಂಬುವವರೆಗೆ ಮತ್ತೊಂದು ಕಾಯುವಿಕೆ. ಜೋಡಣೆ ಕಂಪನಿಯೋ ವಾರದ ಆರ್ಡರ್‌ಗಳನ್ನೆಲ್ಲ ಕಟ್ಟು ಕಟ್ಟಿ ಒಂದೇ ದಿನ ಕಳಿಸುತ್ತಿತ್ತು. ಆ ದಿನಕ್ಕೂ ಹೀಟ್‌ನ ದಿನಕ್ಕೂ ಯಾವ ಹೊಂದಾಣಿಕೆಯೂ ಇರಲಿಲ್ಲ.

ಫೌಂಡ್ರಿಯವರಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ವಾರಕ್ಕೊಂದು ಸ್ಟೇನ್‌ಲೆಸ್ ಹೀಟ್ ಮಾಡಿದರೆ ಕಾಯುವ ಕಾಲ ಇಳಿಯುತ್ತದೆಂದು ಹೇಳಿಯೂ ಇದ್ದರು. ಆದರೆ ಅರ್ಧ ತುಂಬಿದ ಫರ್ನೇಸ್‌ನಲ್ಲಿ ಕಿಲೋಗೆ ತಗಲುವ ವಿದ್ಯುತ್ ಹೆಚ್ಚು, ಲೈನಿಂಗ್ (ಫರ್ನೇಸ್‌ನ ಒಳಪದರ) ಸವೆತ ಹೆಚ್ಚು. ಖರ್ಚು ಫೌಂಡ್ರಿಯದ್ದು, ಲಾಭ ಜೋಡಣೆ ಕಂಪನಿಯದ್ದು. ಈ ಪ್ರಕರಣದ ಗಂಟು ಇಲ್ಲಿದೆ ಎಂದು ನಮ್ಮ ಅಭಿಪ್ರಾಯ. ಬೇಗ ಮಾಡಬೇಕಾದವನಿಗೆ ಬೇಗದಿಂದ ಏನೂ ಸಿಗುತ್ತಿರಲಿಲ್ಲ. ಬೇಗ ಮಾಡಿಯೂ ಪ್ರಯೋಜನವಾಗದ ಮೂವರ ಮೇಲೆ ಒತ್ತಡ ಬಿದ್ದಿತ್ತು, ಅವರಲ್ಲಿ ಒಬ್ಬರಿಗೆ 2% ಹೆಚ್ಚು ಹಣವೂ ಹೋಗುತ್ತಿತ್ತು.

ನಿರ್ಧಾರಗಳು

ಮೊದಲ ನಿರ್ಧಾರ ಗಡಿಯಾರದ್ದು. ಇನ್ನು ಮುಂದೆ ಎಲ್ಲರದೂ ಕ್ಯಾಲೆಂಡರ್ ದಿನ, ರಜೆಯೂ ಸೇರಿ. ಎಣಿಕೆ ಶುರುವಾಗುವುದು ಡ್ರಾಯಿಂಗ್ ಪರಿಷ್ಕರಣೆ ಸಂಖ್ಯೆ, ಲೋಹದ ದರ್ಜೆ, ಪೀಸ್‌ಗಳ ಸಂಖ್ಯೆ, ಟೆಸ್ಟ್ ಬೇಡಿಕೆ, ಮುಂಗಡ ಈ ಐದೂ ಪೂರ್ಣವಾದ ಕ್ಷಣದಿಂದ. ಇವನ್ನು ಪೂರ್ಣಗೊಳಿಸುವ ಹೊಣೆ ಜೋಡಣೆ ಕಂಪನಿಯದು, ಅದಕ್ಕೆ 3 ದಿನ. ಅವಧಿ ಮುಗಿಯುವುದು ಮುಂದಿನವನ ಬಾಗಿಲಲ್ಲಿ, ತಪಾಸಣೆಯಾದ ಮಾಲು ಇಳಿದಾಗ. ತಪಾಸಣೆಯನ್ನು ಫೌಂಡ್ರಿ ಅಂಗಳಕ್ಕೇ ಸ್ಥಳಾಂತರಿಸಿ 3 ದಿನದ ಆ ಕಾಯುವಿಕೆ ತೆಗೆದುಹಾಕಲಾಯಿತು. ಕೋರ್ ಬಾಕ್ಸ್ ರಿಪೇರಿಯನ್ನು ಆರ್ಡರ್ ಬಂದ ಮೇಲಲ್ಲ, ಹಿಂದಿನ ಎರಕ ಮುಗಿದ ವಾರದಲ್ಲೇ ಮಾಡಬೇಕು ಎಂದು ಬರೆದುಕೊಂಡರು.

ಎರಡನೆಯದು, ಜೋಡಣೆ ಶುರುವಾಗುವ ದಿನವನ್ನು ಮೊದಲು ಗೊತ್ತುಮಾಡಿ ಅಲ್ಲಿಂದ ಹಿಂದಕ್ಕೆ ಎಣಿಸುವುದು. ಫೌಂಡ್ರಿ 14, ಸಾಗಣೆ 1, ಮಷಿನ್ ಶಾಪ್ 8, ಮೀಸಲು 4: ಒಟ್ಟು 27. ಮೊದಲಿನ 3, ಕೊನೆಯ 6 ಸೇರಿಸಿದರೆ 36. ಎರಕದ ಆರ್ಡರ್ ಜೋಡಣೆಗೆ 27 ದಿನ ಮೊದಲು ಹೋಗುತ್ತದೆ. ಸೀಲ್ ಆರ್ಡರ್ 21 ದಿನ ಮೊದಲು, ಬೇಸ್ ಫ್ರೇಮ್ 15 ದಿನ ಮೊದಲು. ಇವೆರಡರಲ್ಲೂ 3 ದಿನದ ಅಂತರ ಸೇರಿದೆ. ಎಲ್ಲ ಪರ್ಚೇಸ್ ಆರ್ಡರ್‌ಗಳನ್ನೂ ಒಂದೇ ದಿನ ಕಳಿಸುವ ಹಳೆಯ ಪದ್ಧತಿ ನಿಂತಿತು. ಸೀಲ್ ಸಂಸ್ಥೆಗೆ '14 ಬೇಡ, ನಿಮ್ಮ ಹಳೆಯ 18ಕ್ಕೇ ಹೋಗಿ' ಎಂದಾಗ ಅವರು ಮೊದಲು ನಂಬಲಿಲ್ಲ. ಆರ್ಡರ್ ಕೈತಪ್ಪುತ್ತಿದೆ ಎಂದುಕೊಂಡರು. ನಿಧಾನಿಸಿ ಎಂದು ಪೂರೈಕೆದಾರರಿಗೆ ಹೇಳುವುದು ಖರೀದಿ ವಿಭಾಗದವರಿಗೂ ಬಾಯಿಗೆ ಬಾರದ ಮಾತು. ಆದರೂ ಹೇಳಿದ್ದರಿಂದ ಸೀಲ್‌ನ ಬೆಲೆ ಮುಂದಿನ ವರ್ಷಕ್ಕೂ ಏರಲಿಲ್ಲ, ಫ್ರೇಮ್ ಶಾಪ್ ಓವರ್‌ಟೈಮ್ ಬಿಟ್ಟಿತು.

ಮೀಸಲಿನ 4 ದಿನವನ್ನು ಒಂದೇ ಕಡೆ ಇಟ್ಟದ್ದಕ್ಕೆ ಕಾರಣವಿದೆ. ಮೊದಲು ಪ್ರತಿಯೊಬ್ಬರೂ ತಮ್ಮ ಅವಧಿಯಲ್ಲೇ ಗುಟ್ಟಾಗಿ ಎರಡು ಮೂರು ದಿನ ಸೇರಿಸಿಕೊಳ್ಳುತ್ತಿದ್ದರು. ಒಂದರ ಹಿಂದೆ ಒಂದು ಇರುವ ಮೂರು ಹಂತಗಳಲ್ಲಿ ಏರುಪೇರು ತಲಾ 2 ದಿನ ಎಂದುಕೊಳ್ಳಿ. ಅವು ಒಂದಕ್ಕೊಂದು ಸಂಬಂಧವಿಲ್ಲದಿದ್ದರೆ ಒಟ್ಟು ಏರುಪೇರು 6 ಅಲ್ಲ, 12ರ ವರ್ಗಮೂಲ, ಸುಮಾರು 3.5. ಎಲ್ಲರೂ ಒಂದೇ ದಿನ ಕೆಡುವುದು ಅಪರೂಪ. ಹಂಚಿಟ್ಟ ಮೀಸಲು ಹಂಚಿಟ್ಟಲ್ಲೇ ಕರಗುತ್ತದೆ: 11 ದಿನ ಸಾಕಾಗುವ ಕೆಲಸಕ್ಕೆ 14 ಇದೆ ಎಂದಾದರೆ ಅದು ನಾಲ್ಕನೇ ದಿನ ಶುರುವಾಗುತ್ತದೆ.

ಮೂರನೆಯದು ಹೀಟ್ ಕ್ಯಾಲೆಂಡರ್. ಪ್ರತಿ ಮಂಗಳವಾರ ಒಂದು ಸಿಎಫ್8ಎಂ ಹೀಟ್, ಬುಧವಾರ ಹೀಟ್ ಟ್ರೀಟ್‌ಮೆಂಟ್. ಆರ್ಡರ್ ಸೇರಲು ಹಿಂದಿನ ಶುಕ್ರವಾರ ಮಧ್ಯಾಹ್ನ 12 ಕೊನೆ. ಜೋಡಣೆ ಕಂಪನಿ ವಾರಕ್ಕೆ 350 ಕಿಲೋ ಕೆಲಸದ ಖಾತ್ರಿ ಕೊಟ್ಟಿತು. ಆರ್ಡರ್ ಸಾಲದಿದ್ದರೆ ಹೆಚ್ಚು ಓಡುವ ಆರು ಇಂಪೆಲ್ಲರ್‌ಗಳ ಪಟ್ಟಿಯಿಂದ ತುಂಬುವುದು, ಅವನ್ನು ಜೋಡಣೆ ಕಂಪನಿ ಎತ್ತಿಕೊಳ್ಳಲೇಬೇಕು. ಸ್ಟೇನ್‌ಲೆಸ್ ದರ ಕಿಲೋಗೆ 4% ಏರಿತು, ಹಣ ಕೊಡುವ ಗಡುವು 60 ದಿನದಿಂದ 30ಕ್ಕೆ ಇಳಿಯಿತು. ಮಾತುಕತೆಯಲ್ಲಿ ಫೌಂಡ್ರಿಯನ್ನು ಒಪ್ಪಿಸಿದ್ದು 4% ಅಲ್ಲ, ಆ 30 ದಿನ.

ನಾಲ್ಕನೆಯದನ್ನು ಯಾರೂ ಮೊದಲೇ ಯೋಚಿಸಿರಲಿಲ್ಲ. ಎರಕದ ದಾರಿ 30 ದಿನಕ್ಕೆ ಇಳಿಯುತ್ತಿದ್ದಂತೆ ಮೋಟಾರಿನ ದಾರಿ ಉದ್ದವಾಗಿಬಿಡುತ್ತದೆ: 3, ಅದರ ಮೇಲೆ 28, ಒಟ್ಟು 31. ಸುತ್ತೋಲೆಯ ಕಾಲದಲ್ಲಿ ವ್ಯರ್ಥವಾಗಿದ್ದ ಮೋಟಾರಿನ ವೇಗಕ್ಕೆ ಈಗ ಅರ್ಥ ಬಂತು. ಆದರೆ ಓವರ್‌ಟೈಮ್‌ನಿಂದ ಅಲ್ಲ. ಹೆಚ್ಚು ಬೇಡಿಕೆಯ ನಾಲ್ಕು ರೇಟಿಂಗ್‌ಗಳಲ್ಲಿ ಸ್ಟೇಟರ್ ವೈಂಡಿಂಗ್ ಮುಗಿಸಿ, ರೋಟರ್ ಬ್ಯಾಲೆನ್ಸ್ ಮಾಡಿ ಅರೆಸಿದ್ಧವಾಗಿ ಇಟ್ಟುಕೊಳ್ಳುವುದು. ಫ್ಲ್ಯಾಂಜ್, ಟರ್ಮಿನಲ್ ಬಾಕ್ಸ್ ಇರುವ ಬದಿ, ಪೇಂಟ್ ಇವು ಮಾತ್ರ ಆರ್ಡರ್ ಬಂದ ಮೇಲೆ. ಅವಧಿ 12 ದಿನ, ಆರ್ಡರ್ ಹೋಗುವುದು ಜೋಡಣೆಗೆ 15 ದಿನ ಮೊದಲು. ಇಟ್ಟುಕೊಂಡದ್ದನ್ನು 90 ದಿನದೊಳಗೆ ಎತ್ತಿಕೊಳ್ಳುವ ಹೊಣೆ ಜೋಡಣೆ ಕಂಪನಿಯದು. ಬೆಲೆಯ ಮೇಲಿನ 2% ವಾಪಸ್ ಹೋಯಿತು. ವೋಲ್ಟೇಜ್ ಬೇರೆ ಇರುವ, ಪಟ್ಟಿಯಲ್ಲಿಲ್ಲದ ಮೋಟಾರುಗಳ ಆರ್ಡರ್‌ಗೆ ಗ್ರಾಹಕರಿಗೆ ನೇರವಾಗಿ 42 ದಿನ ಎಂದೇ ಹೇಳಲು ತೀರ್ಮಾನವಾಯಿತು.

ದಂಡದ ಕಲಮು ಉಳಿಯಿತು, ಅದರ ಗುರಿ ಬದಲಾಯಿತು. ತಡವಾಗುತ್ತದೆಂದು 5 ದಿನ ಮೊದಲೇ ತಿಳಿಸಿದರೆ ದಂಡವಿಲ್ಲ. ತಿಳಿಸದೆ ತಡಮಾಡಿದರೆ ಮಾತ್ರ.

ಮೊದಲು ಕೆಟ್ಟಿತು

ಹೊಸ ಕ್ರಮ ಶುರುವಾದಾಗ ಫೌಂಡ್ರಿಯಲ್ಲಿ 420 ಪೀಸ್ ಕೂತಿದ್ದವು. 14 ಕ್ಯಾಲೆಂಡರ್ ದಿನ ಎಂದರೆ 12 ಕೆಲಸದ ದಿನ, ದಿನಕ್ಕೆ 15ರಂತೆ 180 ಪೀಸ್‌ಗಿಂತ ಹೆಚ್ಚು ಒಳಗಿರಬಾರದು. ಮೊದಲ ಸಲಹೆ, ಹೊಸ ಆರ್ಡರ್ ಬಿಡುಗಡೆಯನ್ನು ಅರ್ಧಕ್ಕೆ ಇಳಿಸುವುದು. ಇದರಲ್ಲಿ ಒಂದು ಬಲೆ ಇದೆ, ಅನೇಕರು ಇಲ್ಲೇ ಬೀಳುತ್ತಾರೆ. ಗ್ರಾಹಕರ ಬೇಡಿಕೆ ಹಾಗೇ ಇರುವಾಗ ಬಿಡುಗಡೆ ಮಾತ್ರ ಕಡಿಮೆ ಮಾಡಿದರೆ ಸರದಿ ಫೌಂಡ್ರಿಯಿಂದ ಖರೀದಿ ವಿಭಾಗದ ಮೇಜಿಗೆ ವರ್ಗವಾಗುತ್ತದೆ. ಫೌಂಡ್ರಿಯ ಅಂಕಿ ಸುಂದರವಾಗುತ್ತದೆ, ಗ್ರಾಹಕ ಕಾಯುವುದು ಅಷ್ಟೇ.

ಸರದಿ ನಿಜವಾಗಿ ಕರಗಲು ಎರಡೇ ದಾರಿ: ಬೇಡದ್ದನ್ನು ಹಿಂದಕ್ಕೆ ಪಡೆಯುವುದು, ಅಥವಾ ಸ್ವಲ್ಪ ಕಾಲ ಹೆಚ್ಚು ದುಡಿಯುವುದು. 420ನ್ನು ಒಂದೊಂದಾಗಿ ಜಾಲಾಡಿದಾಗ 130 ಪೀಸ್ ಇನ್ನೂ ಬೇಡವೇ ಬೇಡ ಎಂದು ಗೊತ್ತಾಯಿತು, ಹೆದರಿ ಮುಂಚೆ ಕಳಿಸಿದವು. ಅವನ್ನು ವಾಪಸ್ ಪಡೆದರು. ಉಳಿದ 290ರಲ್ಲಿ 110 ಹೆಚ್ಚುವರಿ. ದಿನಕ್ಕೆ 15ರ ಬದಲು 19 ಕೊಡುವಂತೆ ಫೌಂಡ್ರಿ ಐದು ವಾರ ಹೆಚ್ಚು ಪಾಳಿ ನಡೆಸಿತು, ಅದರ ಓವರ್‌ಟೈಮ್ ಜೋಡಣೆ ಕಂಪನಿ ಭರಿಸಿತು. ಈ ಮಧ್ಯೆ ಹಳೆಯ ಆರ್ಡರ್‌ಗಳೆಲ್ಲ ಒಟ್ಟಿಗೆ ಹೊರಬಂದು ಮಷಿನ್ ಶಾಪ್ ಮೇಲೆ ಬಿದ್ದವು. ಮೊದಲ ಆರು ವಾರ ಸರಾಸರಿ 58ರಿಂದ 61ಕ್ಕೆ ಏರಿತು. ಕೆಂಪು ಚೀಟಿ ಮತ್ತೆ ತರಬೇಕೆಂದು ಮಾರಾಟ ವಿಭಾಗ ಪಟ್ಟುಹಿಡಿಯಿತು. ಕೊನೆಗೆ ಸಿಕ್ಕ ರಾಜಿ: ವಾರಕ್ಕೆ ಎರಡೇ ಕೆಂಪು ಚೀಟಿ, ಯಾವ ಎರಡು ಎಂದು ಮಾರಾಟ ವಿಭಾಗವೇ ಆರಿಸಲಿ. ಆರಿಸುವ ಹೊಣೆ ತಮ್ಮ ಮೇಲೆ ಬಿದ್ದ ಮೇಲೆ ಕೆಲವು ವಾರ ಒಂದನ್ನೂ ಬಳಸಲಿಲ್ಲ.

ಆರು ತಿಂಗಳ ಹೊತ್ತಿಗೆ ಸರಾಸರಿ 37 ದಿನ. ಹತ್ತರಲ್ಲಿ ಒಂಬತ್ತು ಆರ್ಡರ್ 40 ದಿನದೊಳಗೆ. ಜೋಡಣೆಯ ದಿನ ಸೆಟ್ ಪೂರ್ಣವಾಗಿರುವುದು 41%ರಿಂದ 84%ಕ್ಕೆ ಬಂತು. ಸ್ಟೋರ್ಸ್‌ನಲ್ಲಿ ಕಾಯುವ ಮೋಟಾರು, ಸೀಲ್, ಫ್ರೇಮ್‌ಗಳ ಮೌಲ್ಯ ಅರ್ಧಕ್ಕಿಂತ ಕೆಳಗೆ. ಗ್ರಾಹಕರಿಗೆ ಕೊಡುವ ಮಾತು 36 ಅಲ್ಲ, 40 ಎಂದು ಇಟ್ಟುಕೊಂಡದ್ದು ಜಾಣತನ.

ಮುಂಚಿತ ಸೂಚನೆಯ ಕಲಮು ನಿರೀಕ್ಷೆಗಿಂತ ಹೆಚ್ಚು ಕೆಲಸ ಮಾಡಿತು. ಒಮ್ಮೆ ಆರು ಕೇಸಿಂಗ್‌ಗಳು ಗ್ಯಾಸ್ ರಂಧ್ರದಿಂದ ತಿರಸ್ಕೃತವಾದವು. ಮೊದಲಾಗಿದ್ದರೆ ಗಡುವಿನ ಹಿಂದಿನ ದಿನದವರೆಗೆ ಸುದ್ದಿ ಹೊರಬರುತ್ತಿರಲಿಲ್ಲ. ಈ ಸಲ ಅಚ್ಚು ಒಡೆದ ದಿನವೇ ಫೋನ್ ಬಂತು. ಆ ಆರ್ಡರ್‌ಗಳ ಜೋಡಣೆ ದಿನವನ್ನು 7 ದಿನ ಮುಂದಕ್ಕೆ ಹಾಕಿ, ಫ್ರೇಮ್ ಮತ್ತು ಮೋಟಾರಿನ ಆರ್ಡರ್‌ಗಳನ್ನೂ ಅಷ್ಟೇ ದಿನ ತಡೆಹಿಡಿದು, ಆ ಜಾಗದಲ್ಲಿ ಬೇರೆ ಮೂರು ಆರ್ಡರ್ ತೂರಿಸಿದರು. ತಡದ ಸುದ್ದಿ ಬೇಗ ಬಂದರೆ ಅದು ಉಳಿದ ನಾಲ್ವರ ಗಡಿಯಾರವನ್ನು ಸರಿಪಡಿಸುವ ಮಾಹಿತಿ; ಕೊನೆಯ ದಿನ ಬಂದರೆ ಬೈಗುಳಕ್ಕಷ್ಟೇ ಉಪಯೋಗ.

ಏಳನೇ ತಿಂಗಳು

ಮಷಿನ್ ಶಾಪ್ ಬೇರೊಬ್ಬ ಗ್ರಾಹಕರಿಂದ ದೊಡ್ಡ ಕೆಲಸ ಹಿಡಿಯಿತು. ಅದರ ಯಂತ್ರಗಳ ಬಳಕೆ 80%ರಿಂದ 95%ಕ್ಕೆ ಹೋಯಿತು. ಕೇಳಿದರೆ '15% ಹೆಚ್ಚು ಕೆಲಸ ಅಷ್ಟೇ' ಎಂದರು. ಸರದಿ ಹಾಗೆ ಬೆಳೆಯುವುದಿಲ್ಲ. ಕೆಲಸ ಬರುವುದರಲ್ಲೂ ಮುಗಿಯುವುದರಲ್ಲೂ ಏರುಪೇರು ಇರುವ ಕಡೆ, ಕಾಯುವ ಕಾಲವು ಬಳಕೆಯನ್ನು ಉಳಿದ ಬಿಡುವಿನಿಂದ ಭಾಗಿಸಿದಷ್ಟರ ಪ್ರಮಾಣದಲ್ಲಿ ಏರುತ್ತದೆ. 80ಕ್ಕೆ 20 ಎಂದರೆ 4. 95ಕ್ಕೆ 5 ಎಂದರೆ 19. ಅವರ ಅವಧಿ 8 ದಿನದಿಂದ 13ಕ್ಕೆ ಜಾರಿತು, ಮೀಸಲಿನ 4 ದಿನವೂ ಮುಗಿದು ಇನ್ನೊಂದು ದಿನ ಹೋಯಿತು. ಸೆಟ್ ಪೂರ್ಣತೆ ಒಂದೇ ತಿಂಗಳಲ್ಲಿ 60%ರ ಆಸುಪಾಸಿಗೆ ಬಿತ್ತು.

ಪರಿಹಾರ ಗಂಟೆಗಳ ಬುಕಿಂಗ್. ವಾರಕ್ಕೆ 85 ಯಂತ್ರ ಗಂಟೆ ಜೋಡಣೆ ಕಂಪನಿಯ ಹೆಸರಿಗೆ. ಬಳಸದಿದ್ದರೆ 60% ಬಾಡಿಗೆ ಕೊಡಬೇಕು, 10 ದಿನ ಮೊದಲು ಬಿಟ್ಟುಕೊಟ್ಟರೆ ಕೊಡಬೇಕಿಲ್ಲ. ಇದರ ಜೊತೆಗೆ ಕೇಸಿಂಗ್ ಮತ್ತು ಇಂಪೆಲ್ಲರ್ ಜೋಡಿಯಾಗಿಯೇ ಸಾಗಬೇಕೆಂಬ ನಿಯಮದಿಂದ ದಿನಕ್ಕೆ 3 ಇದ್ದ ಸೆಟಪ್ (ಒಂದು ಭಾಗದಿಂದ ಇನ್ನೊಂದಕ್ಕೆ ಯಂತ್ರ ಹೊಂದಿಸುವುದು) 5 ಆಗಿತ್ತು. ಒಂದಕ್ಕೆ 45 ನಿಮಿಷದಂತೆ ದಿನಕ್ಕೆ ಒಂದೂವರೆ ಗಂಟೆ ನಷ್ಟ. ಬೇಗ ಬದಲಿಸಬಹುದಾದ ಎರಡು ಫಿಕ್ಸ್‌ಚರ್‌ಗಳನ್ನು (ಭಾಗವನ್ನು ಯಂತ್ರದಲ್ಲಿ ಹಿಡಿದಿಡುವ ಸಾಧನ) ಜೋಡಣೆ ಕಂಪನಿ ತನ್ನ ಖರ್ಚಿನಲ್ಲಿ ಮಾಡಿಸಿಕೊಟ್ಟಿತು. ಇದನ್ನು ಮೊದಲ ದಿನವೇ ಮಾಡಬಹುದಿತ್ತು. ಫೌಂಡ್ರಿಯೇ ಸಮಸ್ಯೆ ಎಂದು ಗೊತ್ತಾದ ಮೇಲೆ ಎಲ್ಲರ ಕಣ್ಣೂ ಅಲ್ಲೇ ನೆಟ್ಟಿತ್ತು.

ಬೇರೆಯವರು ಬಳಸುವಾಗ

ಈ ದಾರಿ ಎಲ್ಲ ಕಡೆಯೂ ನಡೆಯದು. ಇಲ್ಲಿ ಜೋಡಣೆ ಕಂಪನಿ ಫೌಂಡ್ರಿಯ ವ್ಯಾಪಾರದಲ್ಲಿ ಸುಮಾರು ಮೂರನೇ ಒಂದು ಪಾಲು ಹೊಂದಿತ್ತು, ಅದಕ್ಕೇ ಹೀಟ್ ಕ್ಯಾಲೆಂಡರ್ ಬದಲಿಸುವ ಮಾತು ಎತ್ತಲು ಸಾಧ್ಯವಾಯಿತು. ನಿಮ್ಮ ಅತಿ ನಿಧಾನದ ಪೂರೈಕೆದಾರರ ವ್ಯಾಪಾರದಲ್ಲಿ ನಿಮ್ಮ ಪಾಲು ಎರಡೋ ಮೂರೋ ಪ್ರತಿಶತವಾದರೆ ಅವರ ಅವಧಿಯನ್ನು ಹವಾಮಾನದಂತೆ ಇದ್ದದ್ದೆಂದು ಒಪ್ಪಿ, ಉಳಿದವರನ್ನು ಅದಕ್ಕೆ ಹೊಂದಿಸಿ ಅಥವಾ ಆ ಭಾಗವನ್ನು ದಾಸ್ತಾನು ಇಡಿ. ಡ್ಯೂಪ್ಲೆಕ್ಸ್ ಸ್ಟೀಲ್ (ಬೇರೊಂದು ಬಗೆಯ ಸ್ಟೇನ್‌ಲೆಸ್) ಪಂಪ್‌ಗಳಿಗೆ ಈ ಕಂಪನಿಯೂ ಹಾಗೆಯೇ ಮಾಡಿತು. ಅವು ತಿಂಗಳಿಗೆ ಒಂದೆರಡು ಮಾತ್ರ, ವಾರದ ಹೀಟ್‌ಗೆ ಸೇರುವುದಿಲ್ಲ, 60 ದಿನದ ಬೇರೆ ಪಟ್ಟಿಯಲ್ಲೇ ಉಳಿದವು.

ಕೆಲಸದ ಕ್ರಮವೂ ಮುಖ್ಯ. ಗಡಿಯಾರ ಒಂದಾಗುವ ಮೊದಲು ಅವಧಿ ಇಳಿಸುವ ಮಾತುಕತೆಗೆ ಕೂತರೆ ಯಾವ ಅಂಕಿಯನ್ನು ಇಳಿಸುತ್ತಿದ್ದೇವೆ ಎಂಬುದೇ ತಿಳಿಯದು. ಮುಗಿದ ಹನ್ನೆರಡು ಹದಿನೈದು ಆರ್ಡರ್ ಸಾಕು, ಆದರೆ ತಾರೀಕು ಮೂಲ ರಿಜಿಸ್ಟರ್‌ನಿಂದಲೇ ಬರಬೇಕು. ಪ್ರತಿ ಭಾಗ ಜೋಡಣೆಗೆ ಎಷ್ಟು ದಿನ ಮೊದಲು ಬಂದು ಕಾಯಿತು ಎಂಬ ಒಂದು ಕಾಲಂ ಸೇರಿಸಿ. ಆ ಕಾಲಂನಲ್ಲಿ ದೊಡ್ಡ ಅಂಕಿ ಇರುವವರಿಗೆ ಅವಸರ ಮಾಡಬೇಡಿ, ಅವರಿಗೆ ಕೊಡುತ್ತಿರುವ ಅವಸರದ ಹಣವನ್ನು ಸೊನ್ನೆ ಇರುವವರ ಕಡೆಗೆ ತಿರುಗಿಸಿ. ಫೌಂಡ್ರಿಯ 4%ರಲ್ಲಿ ಬಹುಪಾಲು ಹೊಂದಿದ್ದು ಮೋಟಾರಿನಿಂದ ವಾಪಸ್ ಬಂದ 2%ರಲ್ಲಿ, ಏಕೆಂದರೆ ಪಂಪಿನ ಒಟ್ಟು ವೆಚ್ಚದಲ್ಲಿ ಮೋಟಾರಿನ ಪಾಲು ಸ್ಟೇನ್‌ಲೆಸ್ ಎರಕಕ್ಕಿಂತ ದೊಡ್ಡದು.

ಜೋಡಣೆಗೆ ಎಷ್ಟು ದಿನ ಮೊದಲು ಯಾವ ಆರ್ಡರ್ ಹೋಗಬೇಕು ಎಂಬ ಪಟ್ಟಿಯನ್ನು ಈಗ ಮೂರು ತಿಂಗಳಿಗೊಮ್ಮೆ ಐದೂ ಸಂಸ್ಥೆಗಳನ್ನು ಕೂರಿಸಿ ಪರಿಷ್ಕರಿಸುತ್ತಾರೆ. ಕಳೆದ ಪರಿಷ್ಕರಣೆಯಲ್ಲಿ ಅತಿ ಉದ್ದದ ದಾರಿ ಫೌಂಡ್ರಿಯದೂ ಅಲ್ಲ, ಮೋಟಾರಿನದೂ ಅಲ್ಲ. ಡ್ರಾಯಿಂಗ್ ಒಪ್ಪಿಗೆಗಾಗಿ ಜೋಡಣೆ ಕಂಪನಿ ತಾನೇ ಇಟ್ಟುಕೊಂಡಿದ್ದ 3 ದಿನ ಕೆಲವು ಆರ್ಡರ್‌ಗಳಲ್ಲಿ 9 ಆಗಿತ್ತು. ಅದಕ್ಕೆ ದಂಡ ಯಾರು ಕೊಡಬೇಕು ಎಂದು ಫೌಂಡ್ರಿಯವರು ಕೇಳಿದ ಪ್ರಶ್ನೆ ಮುಂದಿನ ಸಭೆಯ ಪಟ್ಟಿಯಲ್ಲಿ ಮೊದಲನೆಯದಾಗಿ ಸೇರಿದೆ.